ಕಿಟಕಿ ಮುಚ್ಚುವ ಮೊದಲು

ಸಿಲ್ವೆಸ್ಟರನ ಹಳೇ ಪ್ಲೇಸ್ಟೇಷನ್ನಿನ ಕೂಗಿಗೆ
ರೂಮಿನ ಎ.ಸಿ.ಯೇ ನಾಚಬೇಕು.
ಸೊಹಾರ್, ಫಲಜ್ ಅಲ್ ಕಬಾಯಿಲ್, ಹನ್ನೊಂದನೇ ನಂಬರ್,
ಆರು ಮಂಚ, ಎರಡು ರಿಮೋಟು.
ಒಂದರ ಎಡಗುಂಡಿ ಸತ್ತಿದೆ.
ಅದು ಕೈಗೆ ಬಂದವನು ಬಲಕ್ಕೇ ಓಡಬೇಕು.

ಆಡುವುದು ಕಡಿಮೆ ಮಾರಾಯ,
ಮಾರುವುದೇ ಹೆಚ್ಚು.
ಪಂದ್ಯಗಳನ್ನು ಯಂತ್ರಕ್ಕೆ ಬಿಟ್ಟು
ಶುಕ್ರವಾರ ಇಡೀ ರಾತ್ರಿ ಕೊಡುತ್ತೇವೆ, ಕೊಳ್ಳುತ್ತೇವೆ,
ಒಬ್ಬ ಮುಂಪಡೆಯವನಿಗೆ ಇಬ್ಬರು ಹಿಂಪಡೆಯವರು,
ಮೇಲೆ ಚಿಲ್ಲರೆ.

ಯಂತ್ರದ ಬುದ್ಧಿಯನ್ನು ಸಿಲ್ವೆಸ್ಟರ್ ಹಿಡಿದುಬಿಟ್ಟಿದ್ದ.
ಅದಕ್ಕೆ ಕೂಡಿಸಲು ಬರುತ್ತದೆ, ತೂಗಲು ಬರುವುದಿಲ್ಲ.
ಎಪ್ಪತ್ತರ ಮೂವರನ್ನು ತೋರಿಸಿದರೆ
ತೊಂಬತ್ತರ ಒಬ್ಬನನ್ನು ಕಣ್ಣುಮುಚ್ಚಿ ಬಿಟ್ಟುಕೊಡುತ್ತದೆ.
ವಯಸ್ಸು ನೋಡುತ್ತದೆ: ಮೂವತ್ತೊಂದು ತುಂಬಿದ ಬೆಳಿಗ್ಗೆ ಬೆಲೆ ಅರ್ಧ,
ಹಿಂದಿನ ಸಂಜೆ ಎರಡು ಗೋಲು ಹೊಡೆದಿದ್ದರೂ.
ಮತ್ತೆ, ವರ್ಗಾವಣೆಯ ಕಿಟಕಿ ಮುಚ್ಚುವ ದಿನ
ಕೊನೆಯ ಗಂಟೆಯಲ್ಲಿ ಗಾಯದ ಗುರುತು ಓದುವುದಿಲ್ಲ.
ಕಾಲು ಮುರಿದವನನ್ನೂ ಪೂರ್ತಿ ಬೆಲೆಗೆ ಸಾಗಿಸಬಹುದು.

ಹೀಗೆ ಎಲ್ಲರೂ ಹೋದರು.
ಉಳಿದವನು ಸ್ಟೆನ್ ಗ್ರಿಂಡೆ,
ನಾರ್ವೆಯ ಗೋಲ್‌ಕೀಪರ್, ಮೂವತ್ತೇಳು.
ಪುಕ್ಕಟೆ ಕೊಡುತ್ತೇವೆಂದರೂ ಉತ್ತರ ಒಂದೇ: ಆಸಕ್ತಿ ಇಲ್ಲ.
"ಇರಲಿ ಬಿಡು," ಅನ್ನುತ್ತಿದ್ದ ಉಮರಬ್ಬ ಮೇಲಿನ ಮಂಚದಿಂದ,
"ಬೆಂಚಿನಲ್ಲಿ ಕೂತವ ಎಷ್ಟು ಅನ್ನ ತಿಂತಾನೆ?"
ಅವನಿಗೆ ಆಟ ಗೊತ್ತಿಲ್ಲ. ಗ್ರಿಂಡೆಯ ಮುಖ ಗೊತ್ತು.

ಉಮರಬ್ಬ ರಿಗ್ಗರ್. ಬಂದರಿನಲ್ಲಿ ಕ್ರೇನಿಗೆ
ಕೈಸನ್ನೆ ಮಾಡುತ್ತ ಹತ್ತೊಂಬತ್ತು ವರ್ಷ.
ಈಗ ಬಲಗೈ ಕಿವಿಯ ತನಕ ಏರುತ್ತದೆ,
ಅಲ್ಲಿಂದ ಮೇಲಕ್ಕೆ ಇಲ್ಲ.
'ನಿಲ್ಲಿಸು' ಅಂದದ್ದನ್ನು ಕ್ರೇನಿನವನು
'ನಿಧಾನ' ಎಂದು ಓದಿಕೊಳ್ಳುತ್ತಾನೆ.

ಹಗಲು ನನ್ನದು ಕಾಗದದ ಕೆಲಸ.
ಯಾರ ವೀಸಾ ಎಂದು ಮುಗಿಯುತ್ತದೆ, ಯಾರಿಗೆ ಎನ್‌ಓಸಿ, ಯಾರಿಗಿಲ್ಲ.
ಇಲ್ಲದವನು ಊರಿಗೆ ಹೋಗಿ ಎರಡು ವರ್ಷ ಬಾಗಿಲು ಕಾಯಬೇಕು.
ಆಟದಲ್ಲಿ ಇಂಥ ನಿಯಮ ಇಟ್ಟರೆ
ಡಿಸ್ಕು ಒಂದೂ ಖರ್ಚಾಗದು ಅಂತಾನೆ ಸಿಲ್ವೆಸ್ಟರ್.
ಮಾರ್ಚಿಗೆ ನವೀಕರಣ ಇಲ್ಲದವರ ಪಟ್ಟಿ ಬಂತು.
ಉಮರಬ್ಬ, ನಾಲ್ಕನೆಯವನು. ಟೈಪು ಮಾಡಿದವನು ನಾನೇ.

ದುಕುಮ್‌ನ ಕಂಪನಿಯೊಂದು ರಿಗ್ಗರುಗಳನ್ನು ಕೇಳಿತ್ತು.
ಮ್ಯಾನೇಜರ್ ಇಬ್ಬರ ಹೆಸರಿನ ಕೆಳಗೆ
ಮೂರು ಬೆರಳು ಜಾಗ ಬಿಟ್ಟು ಸಹಿ ಹಾಕಿ
ಮಸ್ಕತ್ತಿಗೆ ಹೊರಟುಹೋದ.
ಗುರುವಾರ. ಒಂದೂಕಾಲು. ಎರಡಕ್ಕೆ ಇಲಾಖೆಯ ಕಿಟಕಿ ಮುಚ್ಚಿದರೆ
ಮತ್ತೆ ಭಾನುವಾರ.
ಈ ಹೊತ್ತಿನಲ್ಲಿ ಯಾರೂ ಓದುವುದಿಲ್ಲ ಎಂದು
ನನಗೆ ಕಲಿಸಿದ್ದು ಯಾರು?
ಮೂರನೇ ಹೆಸರು ಹೊಡೆದೆ.
ಮೊಹರು ಸ್ವಲ್ಪ ಜಾರಿ ಹುಟ್ಟಿದ ವರ್ಷದ ಮೇಲೆ ಬಿತ್ತು.
ಭುಜಕ್ಕೆಂದು ಕಾಲಮ್ಮೇ ಇರಲಿಲ್ಲ,
ಆದ್ದರಿಂದ ನಾನು ಸುಳ್ಳು ಬರೆಯಲಿಲ್ಲ.
ಅಲ್ಲಿಯ ಕ್ರೇನಿನಲ್ಲಿ ಯಾರು ಕೂತಿರುತ್ತಾನೋ,
ಅರ್ಧ ಎತ್ತಿದ ಕೈಯನ್ನು ಏನೆಂದು ಓದುತ್ತಾನೋ
ಎಂದು ಹೊಳೆದದ್ದು ಟ್ಯಾಕ್ಸಿಯಲ್ಲಿ,
ಕಾಗದ ಕೊಟ್ಟು ವಾಪಸು ಬರುವಾಗ.

ಎರಡು ತಿಂಗಳಾದ ಮೇಲೆ ಫೋನು.
ಗಾಳಿ ಜಾಸ್ತಿ ಅಂದ. ಮೀನು ಒಳ್ಳೇದು ಅಂದ.
ಕೈಯ ವಿಷಯ ಅವನು ಹೇಳಲಿಲ್ಲ,
ನನಗೆ ಕೇಳಲು ಬಾಯಿ ಬರಲಿಲ್ಲ.
"ಆ ಮುದುಕ ಏನಾದ, ನಾರ್ವೆಯವ?"

ಆಟದ ಋತು ಮುಗಿದಿತ್ತು. ಯಂತ್ರ
ಒಂದು ಮಾತೂ ಕೇಳದೆ ಗ್ರಿಂಡೆಯನ್ನು ಅಳಿಸಿತ್ತು.
ಅದಕ್ಕೆ ಇನ್ನೊಂದು ಚಾಳಿ ಇದೆ,
ಒಬ್ಬನನ್ನು ಅಳಿಸಿದರೆ ಇನ್ನೆಲ್ಲೋ ಒಬ್ಬನನ್ನು ಹುಟ್ಟಿಸುತ್ತದೆ:
ಹದಿನಾರರ ಹುಡುಗ, ಘಾನಾದ ಹೆಸರು,
ಅದೇ ಎತ್ತರ, ಅದೇ ಎಡಗಾಲು, ಅದೇ ನೆಗೆತ.
"ಬೆಂಚಿನಲ್ಲೇ ಇದ್ದಾನೆ," ಅಂದೆ.
"ಹಾಂ. ಇರಲಿ."

ಭಾನುವಾರ ಮೇಜಿನ ಮೇಲೆ ಹೊಸ ಪಾಸ್‌ಪೋರ್ಟಿನ ನಕಲು.
ರಿಗ್ಗರ್. ಇಪ್ಪತ್ತೆರಡು. ಊರು ಉಪ್ಪಿನಂಗಡಿ,
ಉಮರಬ್ಬನದೂ ಅದೇ.
ಫೋಟೋದಲ್ಲಿ ಭುಜ ಎರಡೂ ಒಂದೇ ಎತ್ತರ.
ಸ್ಟೇಪ್ಲರಿನಲ್ಲಿ ಪಿನ್ನು ಮುಗಿದಿತ್ತು.
ಗೊತ್ತಿದ್ದೂ ಒತ್ತಿದೆ, ಎರಡು ಸಲ.